ಬಿದಿರಿನ ಆರ್ಗನ್



ವಾರ್ಷಿಕೋತ್ಸವದ ಈ ಶುಭದಿನದಂದು ದೂರದ ನಾಡಿನ ವಾದ್ಯವೊಂದರ ವೃತ್ತಾಂತವನ್ನು ತಮ್ಮಲ್ಲಿ ನಿವೇದಿಸಲು ಬಯಸುತ್ತೇವೆ. ಫಿಲಿಪೀನ್ಸ್ ದೇಶದ ಮನಿಲಾ ಮಹಾನಗರಕ್ಕೆ ಸೇರಿದ ಲಾಸ್ ಪಿನ್ಯಾಸ್ ಎಂಬ ಊರಿನ ಇಗರ್ಜಿಯಲ್ಲಿ ಬಿದಿರಿನ ಆರ್ಗನ್ ಒಂದುಂಟು.

ಆರ್ಗನ್ನಿನ ತತ್ತ್ವವು ನಮ್ಮ ಕೊಳಲಿನದೇ. ಉಸಿರಿಗೆ ಬದಲಾಗಿ ತಿದಿಯ ಗಾಳಿ. ಕೀಲಿಮಣೆಯ ಮೇಲೆ ಬೆರಳೊತ್ತಿದೊಡನೆ ಗಾಳಿಯು ಕೊಳವೆಯನ್ನು ಹೊಕ್ಕು ನಾದವಾಗುತ್ತದೆ. ನೀಳವಾದ ಕೊಳವೆಗೆ ಮಂದ್ರ, ಗಿಡ್ಡವಾದುದಕ್ಕೆ ತಾರ. ಒಂದು ಕೊಳವೆಗೆ ಒಂದೇ ಸ್ವರವಾದುದರಿಂದ ಕೊಳವೆಗಳು ನೂರಾರು ಬೇಕು.

ಸ್ಪೇನಿನಿಂದ ಬಂದ ಪಾದ್ರಿ ದಿಯೆಗೊ ಸೆರಾ ಅವರು 1816ರಲ್ಲಿ ಕಾರ್ಯಾರಂಭ ಮಾಡಿದರು. ಆ ನೆಲದ ಬಿದಿರನ್ನೇ ಕಡಿಸಿ, ಹುಳು ಹಿಡಿಯದಿರಲೆಂದು ಮರಳಿನಲ್ಲಿ ಹೂಳಿಸಿದರು. 1824ರಲ್ಲಿ ವಾದ್ಯವು ಪೂರ್ಣಗೊಂಡಿತು. ಅದರ 1031 ಕೊಳವೆಗಳಲ್ಲಿ 902 ಬಿದಿರಿನವು. ತುತ್ತೂರಿಯ ದನಿಯೇ ಮೊದಲಾದುವಕ್ಕೆ ಬೇಕಾದ 129 ಮಾತ್ರ ಲೋಹದವು.

ಮುಂದೆ ಭೂಕಂಪ, ಚಂಡಮಾರುತಗಳಿಗೆ ಸಿಕ್ಕಿ ವಾದ್ಯವು ಜೀರ್ಣವಾಯಿತು. 1973ರಲ್ಲಿ ಅದನ್ನು ಬಿಚ್ಚಿ, ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಯಾಗಾರಕ್ಕೆ ಕಳುಹಿಸಿದರು. ಅಲ್ಲಿಯ ಒಣಹವೆಗೆ ಬಿದಿರು ಸೀಳಬಹುದೆಂದು, ಫಿಲಿಪೀನ್ಸಿನ ಸೆಕೆಯನ್ನೂ ತೇವವನ್ನೂ ಹೋಲುವ ಹವೆಯ ಕೋಣೆಯೊಂದನ್ನು ಆ ಕುಶಲಿಗಳು ಸಿದ್ಧಪಡಿಸಿದರು. ಬಿದಿರಿಗಾಗಿ ಅದರ ತವರಿನ ಹವೆಯನ್ನೇ ಕಲ್ಪಿಸಿದರು! 1975ರಲ್ಲಿ ವಾದ್ಯವು ಸ್ವಸ್ಥಾನಕ್ಕೆ ಮರಳಿ ಮತ್ತೆ ನುಡಿಯಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾವಿದನ್ನು ಇಲ್ಲಿ ಎತ್ತುತ್ತಿರಲಿಲ್ಲ. ಆ ನಾಡಿನ ಕೆಲವರು ಯುರೋಪಿಗೆ ಹೋಗಿ ಈ ಕಸುಬನ್ನು ಕಲಿತುಬಂದರು. ತಮ್ಮದೇ ಕಾರ್ಯಾಗಾರವನ್ನು ತೆರೆದು ಅದಕ್ಕೆ ಸೆರಾ ಅವರ ಹೆಸರನ್ನಿಟ್ಟರು. 2003-04ರಲ್ಲಿ ಆರ್ಗನ್ನಿಗೆ ಮತ್ತೆ ದುರಸ್ತಿ ಬೇಕಾದಾಗ ಅದು ಸಮುದ್ರ ದಾಟಬೇಕಾಗಲಿಲ್ಲ. ಊರಿನ ಕೈಗಳೇ ಆ ಕೆಲಸವನ್ನು ನೆರವೇರಿಸಿದವು.

ಮಹನೀಯರೇ, ಗಡಿಯಾಚೆ ನಿಂತ ನಮ್ಮ ಕನ್ನಡವೂ ಇಂತಹುದೊಂದು ಪ್ರಾಚೀನ ವಾದ್ಯ. ಅದಕ್ಕೆ ತವರಿನ ಹವೆ ಬೇಕು. ಆ ಹವೆಯು ನಮ್ಮ ಮನೆಗಳ ಮಾತಿನಲ್ಲಿದೆ, ಶಾಲೆಗಳ ಪಾಠದಲ್ಲಿದೆ. ಹೊರಗಿನ ನೆರವನ್ನು ಕೃತಜ್ಞತೆಯಿಂದ ಸ್ವೀಕರಿಸೋಣ. ಆದರೆ ನಮ್ಮ ಮಕ್ಕಳಿಗೆ ಕನ್ನಡ ಕಲಿಸುವವರು ನಮ್ಮ ಮಕ್ಕಳಲ್ಲಿಯೇ ಹುಟ್ಟಿ ಬರದಿದ್ದರೆ, ಇಂತಹ ಉತ್ಸವಗಳು ನುಡಿಯದ ವಾದ್ಯಕ್ಕೆ ಹೂವೇರಿಸಿದಂತಾದಾವು. ಹಾಗಾಗದಿರಲೆಂದು ಹಾರೈಸುತ್ತೇವೆ.