ನವರಸಪುರದಿಂದ ಅಥಣಿ ರಸ್ತೆಯ ಪ್ಲಾಟಿನವರೆಗೆ



ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಐದಾರು ಕಿಲೋಮೀಟರಿಗೆ ತೊರವಿ. ಈಗ ಆ ದಾರಿಯುದ್ದಕ್ಕೂ ಗಡಿಗಲ್ಲು ನೆಟ್ಟ ಪ್ಲಾಟುಗಳು, ಬಾಗಿಲಿಗೆ ದೊಡ್ಡ ಕಮಾನು ಕಟ್ಟಿಸಿದ ಲೇಔಟುಗಳು. ಎಕರೆ, ಗುಂಟೆ ಲೆಕ್ಕದಲ್ಲಿ ಮಾತಾಡುತ್ತಿದ್ದ ನೆಲವನ್ನು ಜನ ಚದರ ಅಡಿ ಲೆಕ್ಕದಲ್ಲಿ ಮಾತಾಡುತ್ತಿದ್ದಾರೆ. ಇಂಥ ಕಾಲ ಹಿಂದೆಂದೂ ಬಂದಿರಲಿಲ್ಲ ಎಂದು ಹಿರಿಯರು ಬೆರಗಾಗುತ್ತಾರೆ. ಆದರೆ ಬಂದಿತ್ತು. ಇದೇ ತೊರವಿಯ ನೆಲದಲ್ಲಿ, 1599ರಲ್ಲಿ ಬಂದಿತ್ತು!

ಆಗ ವಿಜಯಪುರವನ್ನು ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲ್ ಶಾ. 1580ರಲ್ಲಿ, ಇನ್ನೂ ಒಂಬತ್ತು ವರ್ಷದ ಹುಡುಗನಿದ್ದಾಗ ಗಾದಿಗೆ ಬಂದವನು. ದೊಡ್ಡವನಾಗುತ್ತ ಸಂಗೀತದ ಹುಚ್ಚು ಹಿಡಿಸಿಕೊಂಡ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟ. ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದು, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ. ಜನ ಅವನನ್ನು ಜಗದ್ಗುರು ಎಂದು ಕರೆದರು. ಇಂಥ ಅರಸನಿಗೆ ಇದ್ದ ರಾಜಧಾನಿ ಸಾಲಲಿಲ್ಲ. ಹಾಡಿಗೆ, ನೃತ್ಯಕ್ಕೆ, ಕಾವ್ಯಕ್ಕೆ ಮೀಸಲಾದ ಹೊಸ ನಗರವೇ ಬೇಕೆನಿಸಿತು. ಅದಕ್ಕೆ ಅವನು ಆರಿಸಿಕೊಂಡ ಜಾಗ ತೊರವಿ, ಇಟ್ಟ ಹೆಸರು ನವರಸಪುರ.

ತೊರವಿ ಆಗ ಬರಿ ಬಯಲಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಅದಕ್ಕೂ ಸುಮಾರು ನೂರು ವರ್ಷ ಮೊದಲೇ ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿ ಕವಿ ಈ ಊರ ನರಸಿಂಹನ ಸನ್ನಿಧಿಯಲ್ಲಿ ಕೂತು ಭಾಮಿನಿ ಷಟ್ಪದಿಯಲ್ಲಿ ‘ತೊರವೆ ರಾಮಾಯಣ’ ಬರೆದು ಮುಗಿಸಿದ್ದ. ಅರಸ ಬರುವ ಮೊದಲೇ ಊರಿಗೆ ಅದರದೇ ದೇವರಿತ್ತು, ಕಾವ್ಯವಿತ್ತು, ಬೇಸಾಯವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನೀರಿತ್ತು.

ಹೊಸ ನಗರಕ್ಕಾಗಿ ಇಪ್ಪತ್ತು ಸಾವಿರ ಮಂದಿ ಗವಂಡಿಗಳು, ಕಲ್ಲುಕುಟಿಗರು, ಕೂಲಿಗಳು ಬಂದರು ಎಂದು ಇತಿಹಾಸಕಾರರು ಹೇಳುತ್ತಾರೆ. ಅರಮನೆ ಎದ್ದಿತು, ಸಂಗೀತ ಮಹಲ್ ಎದ್ದಿತು. ಅಮೀರರಿಗೆ ಅಲ್ಲಿ ಮನೆ ಕಟ್ಟಿರಿ ಎಂದು ಅಪ್ಪಣೆಯಾಯಿತು, ವ್ಯಾಪಾರಿಗಳಿಗೆ ಅಂಗಡಿ ತೆರೆಯಿರಿ ಎಂದು ಹೇಳಿದ್ದಾಯಿತು. ಅರಸನ ಪಕ್ಕದಲ್ಲಿ ಮನೆ ಇರಬೇಕೆಂಬ ಆಸೆ ಯಾವ ಅಮೀರನಿಗೆ ಇರುವುದಿಲ್ಲ? ನಿನ್ನೆಯವರೆಗೆ ಜೋಳ ಬೆಳೆಯುತ್ತಿದ್ದ ನೆಲಕ್ಕೆ ದರಬಾರಿನ ಹತ್ತಿರದ ಜಾಗವೆಂಬ ಮಾನ ಬಂತು.

ಆ ದಿನಗಳಲ್ಲಿ ವಿಜಯಪುರದ ಸಿರಿ ಎಂಥದ್ದಿತ್ತೆಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿಯೊಂದಿದೆ. 1603-04ರ ಸುಮಾರಿಗೆ ಅಕ್ಬರನ ದೂತನಾಗಿ ಅಸದ್ ಬೇಗ್ ಎಂಬಾತ ಇಲ್ಲಿಗೆ ಬಂದ. ಇಬ್ರಾಹಿಮನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಮದುವೆ ಮಾಡಿಸಿ ಕರೆದೊಯ್ಯುವುದು ಅವನ ಕೆಲಸ. ಆಗ್ರಾ ನೋಡಿದ ಕಣ್ಣು ಅದು, ಸುಲಭಕ್ಕೆ ಬೆರಗಾಗುವಂಥದ್ದಲ್ಲ. ಆದರೂ ಇಲ್ಲಿಯ ಪೇಟೆಯನ್ನು ಕಂಡು ಅವನು ಸೋತುಹೋದ. ಮೂವತ್ತು ಗಜ ಅಗಲ, ಎರಡು ಕೋಸು ಉದ್ದದ ಬೀದಿ, ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರ, ಎಲ್ಲೆಲ್ಲೂ ಸ್ವಚ್ಛ. ಚಿನ್ನ ಬೆಳ್ಳಿಯವರು, ಆಯುಧ ಮಾರುವವರು, ರೊಟ್ಟಿ ಸುಡುವವರು, ಮೀನಿನವರು ಸಾಲುಸಾಲಾಗಿ ಕೂತಿದ್ದರೆಂದು ಬರೆದಿಟ್ಟ. ಹಿಂದಿರುಗುವಾಗ ಉತ್ತರದವರು ಅದುವರೆಗೆ ಕಾಣದ ಸರಕೊಂದನ್ನು ಇಲ್ಲಿಂದಲೇ ಒಯ್ದ, ತಂಬಾಕು. ರತ್ನ ಕೂಡಿಸಿದ ಕೊಳವೆಯ ಸಮೇತ ಅದನ್ನು ಅಕ್ಬರನ ಮುಂದಿಟ್ಟವನು ಅವನೇ. ಅಂದಿನ ವಿಜಯಪುರದಲ್ಲಿ ಅಂಗಡಿ ಜಾಗವೊಂದಕ್ಕೆ ಎಷ್ಟು ಬೆಲೆಯಿದ್ದಿರಬಹುದು, ನೀವೇ ಊಹಿಸಿಕೊಳ್ಳಿ.

ಆದರೆ ಹಳೆಯ ನಗರಕ್ಕೂ ಹೊಸ ನಗರಕ್ಕೂ ದೊಡ್ಡ ಅಂತರವೊಂದಿತ್ತು. 1565ರ ರಕ್ಕಸತಂಗಡಿ ಯುದ್ಧದ ಮೇಲೆ ಮೊದಲನೆಯ ಅಲಿ ಆದಿಲ್ ಶಾ ವಿಜಯಪುರಕ್ಕೆ ಸುತ್ತಲೂ ಸುಮಾರು ಹತ್ತು ಕಿಲೋಮೀಟರಿನ ಕೋಟೆ ಕಟ್ಟಿಸಿದ್ದ. ಒಬ್ಬೊಬ್ಬ ಸರದಾರನಿಗೆ ಒಂದೊಂದು ಭಾಗ ಹಂಚಿದ್ದರಿಂದ ಗೋಡೆಯ ಕಟ್ಟಡ ಎಲ್ಲ ಕಡೆ ಒಂದೇ ಹದದ್ದಲ್ಲ, ಆದರೂ ಗೋಡೆ ಪೂರ್ತಿಯಾಯಿತು. ನವರಸಪುರದ ಗೋಡೆ ಮಾತ್ರ ಅರ್ಧಕ್ಕೆ ನಿಂತಿತು. ರಾಜಧಾನಿ ಬದಲಾದರೆ ರಾಜ್ಯಕ್ಕೆ ಕೇಡು ಎಂದು ಜೋಯಿಸರು ಹೇಳಿದರಂತೆ, ಅರಸ ಕೈಬಿಟ್ಟನಂತೆ. ಮನೆಗಳೇನೋ ಎದ್ದವು, ಕಾವಲು ಏಳಲಿಲ್ಲ.

1624ರಲ್ಲಿ ಅದರ ಬೆಲೆ ತೆರಬೇಕಾಯಿತು. ಗುಲಾಮನಾಗಿ ಮಾರಾಟವಾಗಿ ಬಂದು ಅಹಮದ್‌ನಗರದ ಸರ್ವಾಧಿಕಾರಿಯಾಗಿ ಬೆಳೆದಿದ್ದ ಹಬ್ಶಿ ವೀರ ಮಲಿಕ್ ಅಂಬರ್ ಭಾತವಾಡಿಯಲ್ಲಿ ಗೆದ್ದ ಬಿಸಿಯಲ್ಲೇ ಇತ್ತ ನುಗ್ಗಿದ. ಕೋಟೆಯೊಳಗಿನ ವಿಜಯಪುರ ಬಾಗಿಲು ಹಾಕಿಕೊಂಡು ಉಳಿಯಿತು. ಬಯಲಲ್ಲಿ ನಿಂತಿದ್ದ ನವರಸಪುರ ಸೂರೆಹೋಯಿತು. ಕಾಲು ಶತಮಾನದ ಏರಿಕೆ ಒಂದೇ ದಾಳಿಗೆ ಕುಸಿಯಿತು. ಹತ್ತು ಕಿಲೋಮೀಟರಿನೊಳಗಿನ ಎರಡು ಊರು, ಒಂದೇ ಅರಸ, ಒಂದೇ ಕಲ್ಲು. ಒಂದರಲ್ಲಿ ಮನೆ ಉಳಿಯಿತು, ಇನ್ನೊಂದರಲ್ಲಿ ಸೂರು ಹೋಯಿತು. ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ. ಆ ಗೋಡೆ ಪೂರ್ತಿಯಾಗಿದ್ದರೆ ದಖನ್ನಿನ ಅತಿ ಚೆಲುವಾದ ನಗರವೊಂದು ನಮ್ಮ ಪಾಲಿಗೆ ಉಳಿಯುತ್ತಿತ್ತೇನೋ.

ಮುಂದಿನ ಕಥೆ ಬೇಗ ಮುಗಿಯುವಂಥದ್ದು. 1686ರಲ್ಲಿ ಔರಂಗಜೇಬ್ ವಿಜಯಪುರವನ್ನು ಗೆದ್ದ. ದರಬಾರು ಹೋಯಿತು, ಹಿಂದೆಯೇ ಪ್ಲೇಗು ಬಂತು, ಜನ ಚದುರಿದರು. ಕೋಟೆಯೊಳಗಿನ ಮಹಲುಗಳೂ ಬಿಕೋ ಎಂದವು. ಇನ್ನೂರು ವರ್ಷ ಇಲ್ಲಿ ಮನೆಗಳಿಗಿಂತ ಹಾಳುಗೋಡೆಗಳೇ ಹೆಚ್ಚು. ಇಂಗ್ಲಿಷರು 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ, ಅದಕ್ಕೆ ತುಸು ಮೊದಲು ಹೋಟಗಿ-ಗದಗ ರೈಲು ಬಂದಾಗ, ಮತ್ತೆ ಜೀವ ಬಂತು. ಖಾಲಿ ಬಿದ್ದ ಆದಿಲ್‌ಶಾಹಿ ಕಟ್ಟಡಗಳೇ ಸಾಹೇಬರ ಬಂಗಲೆ, ಕಚೇರಿಗಳಾದವು. ಬುಖಾರಾ ಮಸೀದಿ ಅಂಚೆ ಕಚೇರಿಯಾಗಿತ್ತೆಂದರೆ ಇಂದಿನವರು ನಂಬಲಿಕ್ಕಿಲ್ಲ. 1901ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 23,811. 2011ರ ಹೊತ್ತಿಗೆ 3.27 ಲಕ್ಷ.

ಇನ್ನು ಈಗಿನ ಏರಿಕೆಗೆ ಬರೋಣ. ಹಿಂದಿನ ದರಬಾರಿನ ಜಾಗದಲ್ಲಿ ಈಗ ಸರ್ಕಾರಿ ಯೋಜನೆಗಳಿವೆ. 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯ ತೊರವಿಯಲ್ಲಿ ನೆಲೆಗೊಂಡಿತು, ಈಗ ಅದು ಅಕ್ಕಮಹಾದೇವಿಯ ಹೆಸರಿನಲ್ಲಿದೆ. ನಗರಸಭೆ ಮಹಾನಗರ ಪಾಲಿಕೆಯಾಯಿತು. ತಿಕೋಟಾ, ಬಬಲೇಶ್ವರ ತಾಲ್ಲೂಕು ಕೇಂದ್ರಗಳಾದವು. ಊರ ಇನ್ನೊಂದು ಬದಿಗೆ, ಬುರಣಾಪುರ-ಮದಭಾವಿ ಕಡೆ 2021ರಲ್ಲಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. ಒಂದೊಂದು ಸುದ್ದಿಗೂ ಒಂದೊಂದು ದಿಕ್ಕಿನ ರೇಟು ಏರಿತು. 2020ರ ಭೂಸುಧಾರಣಾ ತಿದ್ದುಪಡಿಯ ಮೇಲೆ ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದಾಯಿತು. 2023ರ ಅಕ್ಟೋಬರಿನಲ್ಲಿ ರಾಜ್ಯದ ಮಾರ್ಗಸೂಚಿ ದರವೇ ಸರಾಸರಿ ಶೇ 25ರಿಂದ 30ರಷ್ಟು ಏರಿತು. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಹೋಯಿತು.

ನೆಲದ ಗುಣವೂ ಬೆಲೆಯನ್ನು ತಿರುಗಿಸುತ್ತದೆ. ಒಕ್ಕಲಿಗನ ಕಣ್ಣಿಗೆ ಎರಿ ಹೊಲ ಬಂಗಾರ, ಮಡ್ಡಿ ಹೊಲ ದಂಡ. ಮನೆ ಕಟ್ಟುವವನಿಗೆ ಅದು ತಿರುವುಮುರುವು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಗೋಡೆಗೆ ಸೀಳು ಬರುತ್ತದೆ. ಗಟ್ಟಿ ಗರಸು ಸಿಗುವತನಕ ಪಾಯ ತೋಡಬೇಕು, ಖರ್ಚು ನೆಲದೊಳಗೇ ಹೂತುಹೋಗುತ್ತದೆ. ಮಡ್ಡಿಯಲ್ಲಿ ನಾಲ್ಕು ಗುದ್ದಲಿ ಹಾಕಿದರೆ ಗರಸು. ಹೀಗಾಗಿ ಅಜ್ಜ ಕಡೆಗಣಿಸಿದ ಮಡ್ಡಿಯೇ ಮೊಮ್ಮಗನ ಕೈಯಲ್ಲಿ ಪ್ಲಾಟಾಗಿ ಎರಿ ಹೊಲವನ್ನು ಮೀರಿಸಿದ್ದುಂಟು.

ಆದರೂ ಈ ಸೀಮೆಯಲ್ಲಿ ಬೆಲೆಯನ್ನು ಕೊನೆಗೆ ನಿರ್ಧರಿಸುವುದು ನೀರೇ. ತಿಕೋಟಾ ಭಾಗದ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡುಗಳನ್ನು ನೋಡಿದವರಿಗೆ ಇದು ಗೊತ್ತು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಹರಿದ ಮೇಲೆ ಅಲ್ಲಿಯ ಹೊಲಗಳ ಮಾತೇ ಬದಲಾಯಿತು. ಸರ್ಕಾರವೂ ಇದನ್ನು ಅಂಕಿಯಲ್ಲಿ ಒಪ್ಪಿಕೊಂಡಿದೆ. ಆಲಮಟ್ಟಿ ಅಣೆಕಟ್ಟು ಎತ್ತರಿಸಿದರೆ ಮುಳುಗುವ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ನಿಗದಿ ಮಾಡಿದ ಪರಿಹಾರ ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯದ ಎಕರೆಗೆ 30 ಲಕ್ಷ. ಬದುವಿನ ಆಚೆ ಈಚೆ ಹತ್ತು ಲಕ್ಷದ ಅಂತರ, ನಡುವೆ ಇರುವುದು ನೀರು ಮಾತ್ರ.

ಆದಿಲ್ ಶಾಹಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ತೊರವಿಯ ನೀರನ್ನು ನೆಲದಡಿಯ ಸುರಂಗದಲ್ಲಿ ವಿಜಯಪುರಕ್ಕೆ ಒಯ್ದರು. ಸುರಂಗದ ಮೇಲೆ ಸಾಲಾಗಿ ಬಾವಿಯಂಥ ಕಂಡಿಗಳು, ಗಾಳಿ ಆಡಲಿಕ್ಕೆ, ಹೂಳೆತ್ತಲಿಕ್ಕೆ. ನಗರದೊಳಗೆ ಗಂಜ್ ಎಂಬ ಕಲ್ಲಿನ ಗೋಪುರಗಳು. ನೀರು ಅವುಗಳಿಗೆ ಏರಿ, ಒತ್ತಡ ಇಳಿದು, ಮಣ್ಣಿನ ಕೊಳವೆಗಳಲ್ಲಿ ಕೇರಿಕೇರಿಗೆ ಹೋಗುತ್ತಿತ್ತು. ತೊರವಿಯ ಸುರಂಗ ಬಾವಡಿ ಇಂದಿಗೂ ಅದಕ್ಕೆ ಸಾಕ್ಷಿ. ನವರಸಪುರ ಹಾಳಾದರೂ ತೊರವಿ ಉಳಿದದ್ದು ತನ್ನ ನೀರು, ಬೇಸಾಯ, ನರಸಿಂಹನ ಗುಡಿಗಳಿಂದ.

ನೀರಿನಿಂದ ಮತ್ತೆ ಬೆಲೆಗೆ ಬಂದರೆ, ದೂರದ ಬೆಂಗಳೂರಿನ ಮನೆಗಳ ಬೆಲೆಯೂ ಇಲ್ಲಿಗೆ ಸಂಬಂಧಪಟ್ಟದ್ದೇ. ಈ ಜಿಲ್ಲೆಯ ಎಷ್ಟೋ ಕುಟುಂಬಗಳು ಗುಳೆ ಹೋಗಿ ಬೆಂಗಳೂರಿನಲ್ಲಿ, ಗೋವಾದಲ್ಲಿ, ಮಹಾರಾಷ್ಟ್ರದಲ್ಲಿ ಕಟ್ಟಡಗಳ ಮೇಲೆ ದುಡಿಯುತ್ತವೆ. ಅವರು ಕಟ್ಟಿದ ಒಂದು ಫ್ಲ್ಯಾಟಿನ ಬೆಲೆಗೆ ಅವರ ಊರಲ್ಲಿ ಓಣಿಯೇ ಬಂದೀತು. ಆದರೆ ಅಲ್ಲಿ ದುಡಿದ ಕೂಲಿ ಉಳಿಸಿ ತಂದವನಿಗೆ ಇಲ್ಲಿಯ ಪ್ಲಾಟೂ ಕೈಗೆಟುಕದಂತಾಗುತ್ತಿದೆ. ಏರಿದ ಬೆಲೆ ಮಾರುವವನಿಗೆ ಸುಗ್ಗಿ ನಿಜ. ಇರಲಿಕ್ಕೆ ಎರಡು ಕೋಣೆ ಬೇಕಾದವನ ಮಟ್ಟಿಗೆ ಅದು ಅನ್ಯಾಯವೇ.

ತೊರವಿಯಲ್ಲೋ ತಿಕೋಟಾ ರಸ್ತೆಯಲ್ಲೋ ಮನೆ ಮಾಡಬೇಕೆಂದಿರುವ ಕೇಳುಗರು ಸಂಚಕಾರ ಕೊಡುವ ಮುನ್ನ ಎರಡು ವಿಷಯ ವಿಚಾರಿಸಿ. ಉತಾರದಲ್ಲಿ ಯಾರ ಹೆಸರಿದೆ, ಎನ್‌ಎ ಆದೇಶ ಆಗಿದೆಯೇ, ಇ-ಸ್ವತ್ತು ಬರುತ್ತದೆಯೇ ಎಂಬುದು ಒಂದು. ಬೇಸಿಗೆಯಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂಬುದು ಇನ್ನೊಂದು. ಕೊಂಡ ಜಾಗದಲ್ಲಿ ಹಳೆಯ ಸುರಂಗದ ಕಂಡಿಯೇನಾದರೂ ಕಂಡರೆ ದಯವಿಟ್ಟು ಮಣ್ಣು ಹಾಕಿ ಮುಚ್ಚಬೇಡಿ, ಅದರ ಮೇಲೆ ಪಾಯ ತೋಡಬೇಡಿ. ಪುರಾತತ್ವ ಇಲಾಖೆಗೆ ಒಂದು ಮಾತು ತಿಳಿಸಿ.