ಶಾಲೆಗಾಗಿ ಊರಿಗೆ



ಉಡುಪಿಯಿಂದ ಮಣಿಪಾಲ, ಹಿರಿಯಡ್ಕ ಹಾದು ಹೆಬ್ರಿ, ಆಗುಂಬೆಗಳ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಸಾಗಿದರೆ ಪೆರ್ಡೂರು ಸಿಗುತ್ತದೆ. ಅಲ್ಲಿನ ಅನಂತಪದ್ಮನಾಭ ದೇವಸ್ಥಾನದಿಂದ, ಆ ದೇವರ ಹೆಸರಿನಲ್ಲಿ ಊರೂರು ತಿರುಗುವ ಬಡಗುತಿಟ್ಟಿನ ಯಕ್ಷಗಾನ ಮೇಳದಿಂದ ನಿಮ್ಮಲ್ಲಿ ಹಲವರು ಈ ಹೆಸರು ಕೇಳಿರಬಹುದು. ಸೋಣ ಸಂಕ್ರಮಣದ ದಿನ ಹೊಸದಾಗಿ ಮದುವೆಯಾದವರು ಸಾಲುಗಟ್ಟಿ ಬಂದು ಬಾಳೆಹಣ್ಣು ಒಪ್ಪಿಸುವ ಊರು ಅದು. ಅಲ್ಲಿ ನನ್ನ ಹೆಂಡತಿಯ ತಾಯಿಯ ಮನೆ ಇದೆ. ಬೆಂಗಳೂರಿನಲ್ಲಿ ಬೆಳೆಯುತ್ತಿದ್ದ ನನ್ನ ಇಬ್ಬರು ಮಕ್ಕಳನ್ನು ನಾವು ಶಾಲೆಗಾಗಿ ಅಲ್ಲಿಗೆ ಕರೆದುಕೊಂಡು ಹೋದೆವು. ಆ ವಿಚಾರವನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇದು ಯಾವುದೋ ಆದರ್ಶದಿಂದ ಶುರುವಾದ ಕೆಲಸವಲ್ಲ. 2020ರ ಮಾರ್ಚಿಯಲ್ಲಿ ಕೊರೋನಾದ ದೆಸೆಯಿಂದ ಶಾಲೆಗಳು ಮುಚ್ಚಿದವು. ಹದಿನೈದು ದಿನದ ಮಟ್ಟಿಗೆಂದು ಮಕ್ಕಳನ್ನು ಅಜ್ಜಿಮನೆಗೆ ಬಿಟ್ಟುಬಂದೆ. ಹದಿನೈದು ದಿನ ಒಂದೂವರೆ ವರ್ಷವಾಯಿತು. ನಗರದ ಶಾಲೆಯ ಪಾಠಗಳು ಮೊಬೈಲಿನಲ್ಲಿ ಬರುತ್ತಿದ್ದವು. ಮನೆಯಲ್ಲಿ ಸಿಗ್ನಲ್ ಇಲ್ಲ. ಮನೆಯ ಹಿಂದಿನ ಗುಡ್ಡೆಯ ಮೇಲೆ ಗೇರುಮರದ ಬುಡದಲ್ಲಿ ಮಾತ್ರ ಸಿಗುತ್ತಿತ್ತು. ಜುಲೈ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಗ ಬೀಜಗಣಿತ ಕಲಿಯುತ್ತಿದ್ದ.

ಅದೇ ವರ್ಷ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ನಾನು ವೃತ್ತಿಯಿಂದ ಟೆಲಿವಿಷನ್ ನಿರ್ಮಾಪಕ. ಒಂದು ದಿನ ಮಗಳ ಪಕ್ಕದಲ್ಲಿ ಕುಳಿತು ಪೂರ್ತಿ ಪಾಠ ನೋಡಿದೆ. ಪಾಠ ಚೆನ್ನಾಗಿತ್ತು. ಆದರೆ ನಡುವೆ ಮಗಳು ಕೈಯೆತ್ತಿದಳು! ಪರದೆಯ ಮೇಲಿನ ಶಿಕ್ಷಕಿ ಮುಂದಕ್ಕೆ ಹೋಗುತ್ತಲೇ ಇದ್ದರು. ಮಗಳು ಸ್ವಲ್ಪ ಹೊತ್ತು ಕೈಯನ್ನು ಹಾಗೆಯೇ ಹಿಡಿದುಕೊಂಡಿದ್ದು, ಮತ್ತೆ ಮೆಲ್ಲಗೆ ಇಳಿಸಿದಳು. ಇಷ್ಟು ವರ್ಷ ಕ್ಯಾಮೆರಾದ ಹಿಂದೆ ನಿಂತವನಿಗೆ ಕ್ಯಾಮೆರಾದ ಆಚೆಗಿನ ಕೈ ಕಂಡದ್ದು ಅದೇ ಮೊದಲು. ಆ ಕೈಯನ್ನು ನೋಡುವ ಒಬ್ಬರು ಬೇಕು, ಅದು ಎಲ್ಲಿಯಾದರೂ ಸರಿ ಎಂದು ಅನ್ನಿಸಿತು.

ರಾಜ್ಯದಲ್ಲಿ ಆರರಿಂದ ಎಂಟನೆಯ ತರಗತಿಗಳು 2021ರ ಸೆಪ್ಟೆಂಬರ್ 6ರಂದು, ಒಂದರಿಂದ ಐದನೆಯ ತರಗತಿಗಳು ಅಕ್ಟೋಬರ್ 25ರಂದು ತೆರೆದವು. ಎಂಟನೆಯ ತರಗತಿಯ ಮಗ, ಮೂರನೆಯ ತರಗತಿಯ ಮಗಳು ಊರಿನಲ್ಲೇ ಸರಕಾರಿ ಶಾಲೆಗೆ ಸೇರಿದರು. ಹೆಂಡತಿ ತನ್ನ ಕೆಲಸ ಬಿಟ್ಟು ಮಕ್ಕಳೊಡನೆ ಅಲ್ಲಿ ನಿಂತಳು. ನಾನು ಬೆಂಗಳೂರಿನಲ್ಲಿ ಉಳಿದೆ. ವಿಷಯ ತಿಳಿದ ಕಚೇರಿಯ ಗೆಳೆಯರೊಬ್ಬರು, “ಓಹೋ, ಗ್ರಾಮೀಣ ಮೀಸಲಾತಿಗೋ?” ಎಂದರು. ಸಿ.ಇ.ಟಿ.ಯಲ್ಲಿ ಶೇಕಡಾ 15ರ ಆ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತು ವರ್ಷವೂ ಹಳ್ಳಿಯಲ್ಲೇ ಓದಿರಬೇಕು. ನಮ್ಮ ಮಕ್ಕಳಿಗೆ ಅದು ದಕ್ಕುವಂತಿರಲಿಲ್ಲ. ಗೆಳೆಯರಿಗೆ ನಿರಾಸೆಯಾಯಿತು.

ಹಾಗೆ ನೋಡಿದರೆ ಕರಾವಳಿಯ ಮನೆಗಳಿಗೆ ಇದು ಹೊಸತಲ್ಲ. ಅಪ್ಪ ಮುಂಬಯಿಯ ಹೋಟೆಲಿನಲ್ಲಿ, ಅಮ್ಮ ಮತ್ತು ಮಕ್ಕಳು ಊರಿನಲ್ಲಿ. ತಿಂಗಳಿಗೊಮ್ಮೆ ಮನಿಆರ್ಡರ್, ವರ್ಷಕ್ಕೊಮ್ಮೆ ಅಪ್ಪ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗುವ ಮೊದಲು ಆ ವರ್ಷಕ್ಕೊಮ್ಮೆಯ ಪ್ರಯಾಣವೂ ಸುಲಭವಾಗಿರಲಿಲ್ಲ. ನಾನು ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿ ಇಳಿದು ಬೆಳಗಿಗೆ ಊರು ಸೇರುತ್ತಿದ್ದೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ.

ಮಕ್ಕಳ ಶಿಕ್ಷಣಕ್ಕಾಗಿ ನಗರದಿಂದ ದೂರದಲ್ಲಿ ದುಡಿದ ದೊಡ್ಡವರ ಕಥೆಗಳೂ ಇವೆ. ಕೋಟದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿ, ಮಕ್ಕಳು ಆಡುತ್ತ ಕಲಿಯಬೇಕೆಂದು ಪ್ರಯೋಗ ಮಾಡಿದರು. ಮೂರು ಸಂಪುಟಗಳ ‘ಬಾಲಪ್ರಪಂಚ’ ಬಂದದ್ದು 1936ರಲ್ಲಿ, ಅಂಥದೊಂದು ಚಿಕ್ಕ ಊರಿನಿಂದ. ಕಲ್ಕತ್ತೆಯ ಶಾಲೆಗಳಲ್ಲಿ ತಾವು ಬಾಲ್ಯದಲ್ಲಿ ಪಟ್ಟ ಬೇಸರವನ್ನು ಮರೆಯದ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ಶಾಲೆ ತೆರೆದರು. ಐವರು ವಿದ್ಯಾರ್ಥಿಗಳು, ಅವರಲ್ಲೊಬ್ಬ ಮಗ ರಥೀಂದ್ರನಾಥ. ಆ ಶಾಲೆಗಾಗಿ ಪತ್ನಿ ಮೃಣಾಲಿನೀದೇವಿ ತಮ್ಮ ಒಡವೆಗಳನ್ನು ಕೊಟ್ಟರು, ಮರುವರ್ಷವೇ ತೀರಿಕೊಂಡರು. ಶಾಂತಿನಿಕೇತನದ ವರ್ಣನೆಗಳಲ್ಲಿ ಮರಗಳ ನೆರಳು ಎಷ್ಟೊಂದು ಬರುತ್ತದೆ, ಆ ಒಡವೆಗಳು ಅಷ್ಟಾಗಿ ಬರುವುದಿಲ್ಲ. ಇದನ್ನು ನಾನು ಓದಿದ್ದು ನನ್ನ ಹೆಂಡತಿ ರಾಜೀನಾಮೆ ಪತ್ರ ಬರೆದ ಮೇಲೆ.

ಜಪಾನಿನಲ್ಲಿ 1976ರಲ್ಲಿ ನಾಗಾನೋ ಪ್ರಾಂತ್ಯದ ಯಸಾಕಾ ಎಂಬ ಹಳ್ಳಿಯಲ್ಲಿ ಒಂದು ಏರ್ಪಾಡು ಶುರುವಾಯಿತು. ಪಟ್ಟಣದ ಮಕ್ಕಳು ಒಂದು ವರ್ಷ ಗುಡ್ಡಗಾಡಿನ ಹಳ್ಳಿಗೆ ಬಂದು, ಅಲ್ಲಿನ ರೈತರ ಮನೆಗಳಲ್ಲಿಯೂ ಇದ್ದು, ಆ ಊರಿನ ಶಾಲೆಯಲ್ಲೇ ಓದುವುದು. ಯುವಜನರೆಲ್ಲ ಪಟ್ಟಣ ಸೇರಿ, ಮಕ್ಕಳಿಲ್ಲದೆ ಮುಚ್ಚಬೇಕಾಗಿದ್ದ ಶಾಲೆಗಳಿಗೆ ಇಂಥ ಮಕ್ಕಳಿಂದ ಜೀವ ಬಂದದ್ದುಂಟು. ದಕ್ಷಿಣ ಕೊರಿಯಾದ ಸೋಲ್ ನಗರದ ಶಿಕ್ಷಣ ಇಲಾಖೆಯೂ 2021ರಲ್ಲಿ ಇಂಥದನ್ನೇ ಆರಂಭಿಸಿತು. ಅಲ್ಲಿ ಮಕ್ಕಳ ಜೊತೆಗೆ ಕುಟುಂಬವೇ ಹೋಗಿ ನೆಲೆಸುವುದಕ್ಕೂ ಅವಕಾಶವಿದೆ.

ಈಗ ನಮ್ಮ ಮಕ್ಕಳ ಮಾತು. ಮಗಳ ತರಗತಿಯಲ್ಲಿ ಒಂದು, ಎರಡು, ಮೂರನೆಯ ತರಗತಿಯವರು ಒಟ್ಟಿಗೆ ಕುಳಿತಿದ್ದರು. ನಾನು ಮೊದಲ ದಿನ, ಶಿಕ್ಷಕರ ಕೊರತೆ ಇರಬೇಕೆಂದು ಮುಖ ಸಣ್ಣದು ಮಾಡಿಕೊಂಡೆ. ಅದು ‘ನಲಿ-ಕಲಿ’ ಎಂದು ಆಮೇಲೆ ತಿಳಿಯಿತು. ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯವರು ಸುತ್ತಲಿನ ಹಳ್ಳಿಗಳ ಒಬ್ಬರೇ ಶಿಕ್ಷಕರಿರುವ ಶಾಲೆಗಳಿಗಾಗಿ ರೂಪಿಸಿದ್ದ ವಿಧಾನವನ್ನು ಕಂಡು ಬಂದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ಅದನ್ನು ನಮ್ಮ ಮಕ್ಕಳಿಗೆ ಒಗ್ಗಿಸಿದರು. ಕಲಿಕೆಯನ್ನು ಏಣಿಯ ಮೆಟ್ಟಿಲುಗಳಂತೆ ಸಣ್ಣಸಣ್ಣ ಕಾರ್ಡುಗಳಾಗಿ ಒಡೆದಿರುತ್ತಾರೆ. ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಹತ್ತುತ್ತದೆ. ಹಿಂದೆ ಬಿದ್ದ ಮಗುವಿಗಾಗಿ ಇಡೀ ತರಗತಿ ನಿಲ್ಲುವುದಿಲ್ಲ, ಮಗುವನ್ನು ಬಿಟ್ಟು ತರಗತಿ ಓಡುವುದೂ ಇಲ್ಲ. ಒಂದೂವರೆ ವರ್ಷ ಶಾಲೆಯನ್ನೇ ಕಾಣದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಹೊಳೆಯುವುದಿಲ್ಲ. ನಗರದ ಶುಲ್ಕದ ಶಾಲೆಯಲ್ಲಿ ಹಣ ಕೊಟ್ಟರೂ ಸಿಗದ ವಸ್ತು, ಹಳ್ಳಿಯ ಶಾಲೆಯಲ್ಲಿ ಬಡತನದ ಗುರುತೆಂದು ನಾನು ತಿಳಿದದ್ದೇ ಆಗಿತ್ತು.

ಆಟದ ಬಯಲಿನ ಭಾಷೆ ಕನ್ನಡವಲ್ಲ, ತುಳು. “ಬಲ, ಗೊಬ್ಬುಗ” ಎಂದರೆ ‘ಬಾ, ಆಡೋಣ’ ಎಂದು. ಮಗಳಿಗೆ ಇದು ತಿಳಿಯಲು ಒಂದು ದಿನ ಸಾಕಾಯಿತು. ಜತೆಗೆ ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು, ಬ್ಯಾರಿ ಆಡುವ ಮಕ್ಕಳು, ಬಡಗು ಕಡೆಯಿಂದ ಬಂದ ಕುಂದಾಪ್ರ ಕನ್ನಡದವರು. ಇವರೆಲ್ಲರಿಗೂ ಪುಸ್ತಕದ ಕನ್ನಡ ಎರಡನೆಯ ಭಾಷೆಯೇ. ‘ಮಾತೃಭಾಷಾ ಮಾಧ್ಯಮ’ ಎಂದು ನಾವು ಬೆಂಗಳೂರಿನಲ್ಲಿ ಕುಳಿತು ಚರ್ಚಿಸುವಾಗ ಇದು ನೆನಪಿರುವುದಿಲ್ಲ.

ವಿಜ್ಞಾನದ ಪದವೀಧರನಾದ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಮಳೆಯ ಲೆಕ್ಕ. ಒಂದು ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಅದಕ್ಕೇ ಸಿಕ್ಕಿಸಿ, ಪಕ್ಕಕ್ಕೆ ಅಳತೆಪಟ್ಟಿ ಅಂಟಿಸಿ ಮಗಳಿಗೆ ಮಳೆಮಾಪಕ ಮಾಡಿಕೊಟ್ಟೆ. ಬಾಟಲಿಯ ಬಾಯಿಯೂ ತಳವೂ ಒಂದೇ ಅಗಲವಿರಬೇಕು, ತಳದ ಉಬ್ಬುತಗ್ಗನ್ನು ಮೊದಲೇ ನೀರು ತುಂಬಿ ಸಮಮಾಡಿಕೊಳ್ಳಬೇಕು, ಅಷ್ಟೆ; ನೀವೂ ಮಾಡಬಹುದು. ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸರಾಸರಿ ಒಂದು ಸಾವಿರ ಮಿಲಿಮೀಟರಿನಷ್ಟು ಮಳೆ. ಅರಬ್ಬೀ ಸಮುದ್ರದ ತೇವದ ಗಾಳಿ ಪಶ್ಚಿಮಘಟ್ಟಕ್ಕೆ ಬಡಿದು, ಮೇಲೇರಿ, ತಣಿದು ಮಳೆಯಾಗುವ ಈ ಪ್ರದೇಶದಲ್ಲಿ ಅದರ ನಾಲ್ಕು ಪಟ್ಟು ಬೀಳುತ್ತದೆ. ಹವಾಮಾನ ಇಲಾಖೆಯ ಪ್ರಕಾರ ಒಂದು ದಿನದಲ್ಲಿ 64.5 ಮಿ.ಮೀ. ದಾಟಿದರೆ ‘ಭಾರೀ’, 115.6 ದಾಟಿದರೆ ‘ಅತಿ ಭಾರೀ’, 204.5 ದಾಟಿದರೆ ‘ಅತ್ಯಂತ ಭಾರೀ’ ಮಳೆ. ಮಗಳು ಪುಸ್ತಕದಲ್ಲಿ ಅಂಕಿ ಬರೆದು, ನಾಳೆ ಜಿಲ್ಲಾಧಿಕಾರಿಯವರು ರಜೆ ಕೊಡುತ್ತಾರೋ ಇಲ್ಲವೋ ಎಂದು ಭವಿಷ್ಯ ಹೇಳುತ್ತಾಳೆ. ಅರ್ಧಕ್ಕರ್ಧ ಸರಿಯಾಗಿರುತ್ತದೆ.

ಇಷ್ಟು ಮಳೆ ಬಿದ್ದರೂ ಏಪ್ರಿಲಿನಲ್ಲಿ ಬಾವಿಯ ತಳ ಕಾಣುತ್ತದೆ. ಏಕೆಂದು ಮಕ್ಕಳೇ ಕೇಳಿದರು. ಕಾಲಡಿಯ ಮುರಕಲ್ಲನ್ನು ತೋರಿಸಿದೆ. ಲಕ್ಷಾಂತರ ವರ್ಷಗಳ ಮಳೆ ಶಿಲೆಯೊಳಗಿನ ಸಿಲಿಕಾವನ್ನು ತೊಳೆದೊಯ್ದು, ಕಬ್ಬಿಣ, ಅಲ್ಯುಮಿನಿಯಂಗಳ ಆಕ್ಸೈಡುಗಳನ್ನು ಉಳಿಸಿದ್ದರಿಂದ ಆದದ್ದು ಅದು; ಅದಕ್ಕೇ ತುಕ್ಕಿನ ಬಣ್ಣ. ಮೈಯೆಲ್ಲ ತೂತು, ಇಂಗಿದ ನೀರು ಹೆಚ್ಚು ಕಾಲ ನಿಲ್ಲದೆ ಬೈಲಿನ ಕಡೆ ಒಸರಾಗಿ ಹರಿದುಹೋಗುತ್ತದೆ. ರಸಾಯನಶಾಸ್ತ್ರದ ಒಂದು ಅಧ್ಯಾಯ ಶಾಲೆಯ ಗೋಡೆಯಲ್ಲೇ ಇತ್ತು.

ಮಗನ ಕಥೆ ಇಷ್ಟು ಸರಾಗವಲ್ಲ. ಇಂಗ್ಲಿಷಿನಲ್ಲಿ ಓದುತ್ತಿದ್ದ ಹುಡುಗ ಎಂಟನೆಯ ತರಗತಿಯಲ್ಲಿ ಏಕಾಏಕಿ ವಕ್ರೀಭವನ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆಗಳ ಎದುರು ನಿಂತ. ತಿಳಿದ ವಿಷಯಕ್ಕೆ ತಿಳಿಯದ ಹೆಸರು! ಮೊದಲ ಪರೀಕ್ಷೆಯಲ್ಲಿ ವಿಜ್ಞಾನದಲ್ಲೇ ಹಿಂದೆ ಬಿದ್ದ. ಗೆಳೆಯರು ಬೆಂಗಳೂರಿನಲ್ಲಿ, ಅವನು ಇಲ್ಲಿ. ಹದಿಮೂರು ವರ್ಷದವನನ್ನು ಕಿತ್ತು ನೆಡುವುದು ಎಂಟು ವರ್ಷದವಳನ್ನು ನೆಟ್ಟಂತಲ್ಲ. ಭತ್ತದ ನೇಜಿಗೂ ಒಂದು ವಯಸ್ಸಿದೆ, ಅದು ಮೀರಿದ ಮೇಲೆ ನೆಟ್ಟರೆ ತೆಂಡೆ ಒಡೆಯುವುದು ಕಡಿಮೆ ಎಂದು ಅತ್ತೆಯವರು ಹೇಳಿದರು. ನಾನು ಕೇಳಬೇಕಾದದ್ದು ಮೊದಲೇ.

ಒಂದು ದಿನ ಅವನು ಕೇಳಿದ: “ನೀವು ನಮ್ಮನ್ನು ಊರಿಗೆ ಕರೆದುಕೊಂಡು ಬಂದೆವು ಅಂತ ಎಲ್ಲರಿಗೂ ಹೇಳ್ತೀರಿ. ನೀವು ಎಲ್ಲಿ ಬಂದಿರಿ?” ನನ್ನ ಬಳಿ ಉತ್ತರ ಇರಲಿಲ್ಲ. ಆ ರಾತ್ರಿಯೂ ನಾನು ಬಸ್ಸು ಹತ್ತಬೇಕಾಗಿತ್ತು.

ಇನ್ನೊಂದು ಪ್ರಶ್ನೆ ನೆರೆಮನೆಯವರದು. ದಿನಾ ಬೆಳಿಗ್ಗೆ ಏಳೂವರೆಗೆ ನಮ್ಮ ದಾರಿಯ ತುದಿಗೆ ಹಳದಿ ವ್ಯಾನು ಬಂದು, ಊರಿನ ಮಕ್ಕಳನ್ನು ಪೇಟೆಯ ಕಡೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಒಯ್ಯುತ್ತದೆ. ಪೇಟೆಯಿಂದ ಬಂದ ನನ್ನ ಮಗಳು ಅದಕ್ಕೆ ಕೈಬೀಸಿ, ಊರಿನ ಶಾಲೆಗೆ ನಡೆದು ಹೋಗುತ್ತಾಳೆ. ತಮ್ಮ ಇಬ್ಬರು ಮಕ್ಕಳನ್ನು ಆ ವ್ಯಾನಿಗೆ ಹತ್ತಿಸುವ, ಕೂಲಿಯಲ್ಲಿ ಅದರ ಬಾಡಿಗೆಗೆಂದು ಎತ್ತಿಡುವ ನೆರೆಯವರಿಗೆ ನಾನೊಮ್ಮೆ ಊರಿನ ಶಾಲೆಯ ಗುಣಗಾನ ಮಾಡಿದೆ. ಅವರು ಸಾವಧಾನವಾಗಿ ಕೇಳಿ, “ನಿಮಗೆ ಸರಿಬೀಳದಿದ್ದರೆ ನಾಳೆ ಬೆಂಗಳೂರಿಗೆ ಹಿಂದಕ್ಕೆ ಹೋಗಬಹುದು. ನಮ್ಮ ಮಕ್ಕಳಿಗೆ ಹೋಗುವ ದಾರಿ ಇದೊಂದೇ” ಎಂದರು.

ಅವರನ್ನು ತಪ್ಪೆನ್ನಲು ನನ್ನಿಂದಾಗದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂಬ 1994ರ ಸರಕಾರಿ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ, ಆಯ್ಕೆ ತಂದೆತಾಯಿಗಳದು ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ತೀರ್ಪು ಕೊಟ್ಟಿತು. ದೇಶದ ಹಳ್ಳಿಗಳ ಸ್ಥಿತಿ ಹೇಳುವ ‘ಅಸರ್’ ಸಮೀಕ್ಷೆಯಲ್ಲಿ, 6ರಿಂದ 14 ವರ್ಷದ ಮಕ್ಕಳ ಪೈಕಿ ಸರಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇಕಡಾ 65.6, ಕೊರೋನಾದ ನಂತರ 2022ರಲ್ಲಿ 72.9, 2024ರಲ್ಲಿ ಮತ್ತೆ 66.8. ಬಂದವರು ಬಂದ ದಾರಿಯಲ್ಲೇ ಹೋದರು. ಆ ಅಂಕಿಗಳ ನಡುವೆ ನಮ್ಮ ಮನೆಯೂ ಇದೆ.

ಮಗ 2024ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ. ಆ ವರ್ಷ ಉಡುಪಿ ಜಿಲ್ಲೆ ಶೇಕಡಾ 94ರ ಫಲಿತಾಂಶದೊಡನೆ ರಾಜ್ಯಕ್ಕೆ ಮೊದಲು ಬಂದಿತ್ತು. ಅವನ ಅಂಕಗಳು ಸಾಧಾರಣವಾಗಿದ್ದವು; ವಿಜ್ಞಾನದಲ್ಲಿ ಮಾತ್ರ, ನಾನು ಹೆದರಿದ್ದಕ್ಕಿಂತ ಬಹಳ ಚೆನ್ನಾಗಿತ್ತು. ಬೆಂಗಳೂರಿನ ಎಷ್ಟೋ ಮಕ್ಕಳು ಪಿ.ಯು.ಸಿ.ಗೆಂದು ಮೂಡುಬಿದಿರೆ, ಕಾರ್ಕಳಗಳ ವಿದ್ಯಾರ್ಥಿನಿಲಯಗಳಿಗೆ ಬರುತ್ತಾರೆ. ಅದೇ ಜೂನ್ ತಿಂಗಳಲ್ಲಿ ನಮ್ಮ ಹುಡುಗ ಅವರಿಗೆ ಎದುರು ದಿಕ್ಕಿನ ಬಸ್ಸು ಹತ್ತಿ ನನ್ನ ಜೊತೆಗೆ ಬೆಂಗಳೂರಿಗೆ ಬಂದ. ಅದು ಅವನ ತೀರ್ಮಾನ. ಈ ಸಲ ನಾವು ಕೇಳಿದ್ದೆವು. ಅವನ ತರಗತಿಯಲ್ಲಿ ವಕ್ರೀಭವನಕ್ಕೂ ರಿಫ್ರಾಕ್ಷನ್‌ಗೂ ಎರಡೂ ಕಡೆಯ ಹೆಸರು ಗೊತ್ತಿದ್ದವನು ತಾನೊಬ್ಬನೇ ಎಂದು ಒಮ್ಮೆ ನಗುತ್ತ ಹೇಳಿದ. ಕಳೆದುಕೊಂಡ ಗೆಳೆಯರ ಬಗ್ಗೆ ಹೇಳಲಿಲ್ಲ.

ಮಗಳು ಊರಿನಲ್ಲೇ ಇದ್ದಾಳೆ. ಹೈಸ್ಕೂಲು ಎಲ್ಲಿ ಎಂಬ ಮಾತು ಬಂದಾಗಲೆಲ್ಲ ಆಕೆ ಮಳೆಯ ಪುಸ್ತಕ ತಂದು ಮುಂದಿಡುತ್ತಾಳೆ. ಹತ್ತು ವರ್ಷದ ಲೆಕ್ಕವಾದರೂ ಇಲ್ಲದೆ ಸರಾಸರಿ ಹೇಳಲಾಗದು ಎಂದು ಅವಳಿಗೆ ಹೇಳಿಕೊಟ್ಟವನು ನಾನೇ.