ಅಂಕಪಟ್ಟಿಯಾಚೆಯ ಅರಿವು



ಅಮೆರಿಕದ ಜಾನ್ ಟೇಲರ್ ಗ್ಯಾಟೊ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ ಸುಮಾರು 30 ವರ್ಷ ಪಾಠ ಹೇಳಿದವರು. 1991ರಲ್ಲಿ ರಾಜ್ಯದ ‘ವರ್ಷದ ಶಿಕ್ಷಕ’ ಗೌರವ ಪಡೆದರು. ಅದೇ ವರ್ಷ ಕೆಲಸ ಬಿಟ್ಟರು. ಮಕ್ಕಳಿಗೆ ಹಾನಿ ಮಾಡಿ ಹೊಟ್ಟೆ ಹೊರೆಯಲಾರೆ ಎಂಬುದೇ ಅವರ ಕಾರಣ. ಗಂಟೆ ಬಾರಿಸಿದೊಡನೆ ಹಿಡಿದ ಕೆಲಸ ಬಿಡುವುದನ್ನು, ಬೇರೆಯವರು ಕೊಟ್ಟ ಅಂಕದಿಂದ ತನ್ನ ಬೆಲೆ ಅಳೆದುಕೊಳ್ಳುವುದನ್ನು ಶಾಲೆ ಕಲಿಸುತ್ತದೆ ಎಂದರು. ತಮ್ಮ ವಿದ್ಯಾರ್ಥಿಗಳನ್ನು ಸಮಾಜಸೇವೆಗೆ, ದುಡಿಯುವವರ ಬಳಿ ಕೆಲಸ ಕಲಿಯಲು ಹೊರಗೆ ಕಳಿಸಿದ್ದರು.

ಇಂಜಿನಿಯರ್ ಆಗಿ ಸೇರಿದಾಗ ನನಗೆ ಲೆಕ್ಕ ಬರುತ್ತಿತ್ತು. ಗಾರೆ ಮೇಸ್ತ್ರಿಯನ್ನು ಕೇಳಿ ತಿಳಿಯಲು ನಾಚಿಕೆ. ಆ ನಾಚಿಕೆಯನ್ನೂ ಶಾಲೆಯೇ ಕಲಿಸಿತ್ತು.

ಅಂಬಿಗ, ಮಡಿವಾಳರು ಕೂತು ಮಾತನಾಡಿದ ಅನುಭವ ಮಂಟಪದ ವಾರಸುದಾರರು ನಾವು. ನಮ್ಮ ಮಠಗಳ ಶಾಲೆಗಳಲ್ಲಿ ಮಕ್ಕಳು ಕಾಯಕದವರಿಂದ ಕಲಿಯುತ್ತಿದ್ದಾರೆಯೇ?